ಒಕ್ಕಲುತನದ ಕಟ್ಟಳೆಗಳು: ಸೇಡಂ–ಚಿತ್ತಾಪುರ ಸೀಮೆಯ ಗೇಣಿ ರೈತನನ್ನು ಕುರಿತು ಒಂದು ವಿಚಾರ

ಪೀಠಿಕೆ

ಭೂಮಿಯನ್ನು ಉಳುವವನೊಬ್ಬ, ಭೂಮಿಯ ಒಡೆಯನೆನಿಸಿಕೊಂಡವನು ಇನ್ನೊಬ್ಬ. ಈ ಇಬ್ಬರ ನಡುವೆ ನಿಂತಿರುವುದು ಕಟ್ಟಳೆ. ಆ ಕಟ್ಟಳೆಯು ಕೆಲವೊಮ್ಮೆ ಬಾಯಿಮಾತಾಗಿರುತ್ತದೆ, ಕೆಲವೊಮ್ಮೆ ಕಾಗದವಾಗಿರುತ್ತದೆ. ಬಾಯಿಮಾತಾಗಿದ್ದಾಗ ಬಲ್ಲಿದನ ಮಾತೇ ನಡೆಯುತ್ತದೆ. ಕಾಗದವಾಗಿದ್ದಾಗ ಓದಬಲ್ಲವನ ಮಾತು ನಡೆಯುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಎರೆಭೂಮಿಯಲ್ಲಿ ಬಾಳಿದ ಗೇಣಿ ರೈತನ ಚರಿತ್ರೆಯನ್ನು ನೋಡಿದರೆ ಈ ಎರಡು ವಾಕ್ಯಗಳ ಅರ್ಥವು ಸ್ಪಷ್ಟವಾಗುವುದು. ಶ್ರೀಮಠದ ಶಾಲೆಯ ಈ ವಾರ್ಷಿಕ ಸಂಚಿಕೆಗೆ ಭಾಷೆಯನ್ನು ಕುರಿತೇ ಬರೆಯಬೇಕೆಂದಿದ್ದೆನು. ಆದರೆ ಕಟ್ಟಳೆಯ ಕಥೆಯೂ ಕೊನೆಗೆ ಅಕ್ಷರದ ಕಥೆಯೇ ಆಗುವುದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ. ಅಧ್ಯಾಪಕ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಸಾವಧಾನದಿಂದ ಓದಬೇಕಾಗಿ ವಿನಂತಿ.

ಶಬ್ದವಿಚಾರ

ಮೊದಲು ಪದಗಳನ್ನು ನೋಡೋಣ. ಪದಗಳು ಹಳೆಯ ಹಗೇವಿನಂತೆ. ತೆರೆದರೆ ಹಿಂದಿನವರು ತುಂಬಿಟ್ಟ ಕಾಳು ಸಿಗುತ್ತದೆ.

'ಒಕ್ಕಲು' ಎಂಬ ಪದಕ್ಕೆ ನೆಲೆಸಿರುವಿಕೆ, ಮನೆತನ, ಸಾಗುವಳಿ ಮಾಡುವವನು ಎಂಬ ಅರ್ಥಗಳುಂಟು. ಮನೆ ಮತ್ತು ಹೊಲ ಎರಡನ್ನೂ ಒಂದೇ ಪದವು ಹಿಡಿದಿರುವುದು ಗಮನಾರ್ಹ. ಆದುದರಿಂದಲೇ 'ಒಕ್ಕಲೆಬ್ಬಿಸು' ಎಂದಾಗ ಹೊಲವನ್ನು ಬಿಡಿಸುವುದು ಮಾತ್ರವಲ್ಲ, ಬಾಳನ್ನೇ ಬುಡಸಹಿತ ಕೀಳುವುದು ಎಂಬ ಭಾವವು ನಮ್ಮ ಕಿವಿಗೆ ತಾನಾಗಿ ಬರುತ್ತದೆ.

'ಬಿಟ್ಟಿ' ಎಂಬುದು ಸಂಸ್ಕೃತದ 'ವಿಷ್ಟಿ' ಶಬ್ದದ ತದ್ಭವ. ಕೂಲಿಯಿಲ್ಲದೆ ಮಾಡಿಸಿಕೊಳ್ಳುವ ದುಡಿಮೆಯೇ ವಿಷ್ಟಿ. ಇದಕ್ಕೆ ಪಾರಸಿಯ 'ಬೇಗಾರ' ಸೇರಿ ನಮ್ಮ ಕಡೆ 'ಬಿಟ್ಟಿ ಬೇಗಾರಿ' ಎಂಬ ಜೋಡುನುಡಿಯಾಯಿತು. 'ಕಿರುಕುಳ' ಎಂಬುದು ಇನ್ನೂ ಸ್ವಾರಸ್ಯಕರವಾದ ಪದ. ಶಾಸನಗಳಲ್ಲಿ ಪೆರ್ಜುಂಕವೆಂದರೆ ದೊಡ್ಡ ಸುಂಕ, ಕಿರುಕುಳವೆಂದರೆ ಸಣ್ಣಪುಟ್ಟ ಸುಂಕ. ಇಂದು ಅದೇ ಪದಕ್ಕೆ ಪೀಡೆ, ಉಪದ್ರವ ಎಂಬ ಅರ್ಥವು ನಿಂತಿದೆ. ದೊಡ್ಡ ತೆರಿಗೆಗಿಂತ ಸಣ್ಣ ತೆರಿಗೆಗಳೇ ಪ್ರಜೆಯನ್ನು ಹೆಚ್ಚು ಪೀಡಿಸಿದುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಿಜಾಮರ ಆಡಳಿತದಲ್ಲಿ ಇವುಗಳ ಮೇಲೆ ಉರ್ದು–ಪಾರಸಿಯ ಪದಗಳ ಪದರವು ಬಂದು ಕೂಡಿತು: ಪಟ್ಟೇದಾರ, ಶಿಕ್ಮಿ, ಅಸಾಮಿ, ಕೌಲು, ಬಟಾಯಿ, ಕಬೂಲಿಯತ್ತು, ರಾಜೀನಾಮೆ. ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವವನು ಪಟ್ಟೇದಾರ. ಅವನ ಕೈಕೆಳಗೆ ಭೂಮಿ ಹಿಡಿದು ಗೇಣಿ ಕೊಡುವವನು ಅಸಾಮಿ ಶಿಕ್ಮಿ. 'ಶಿಕಮ್' ಎಂದರೆ ಹೊಟ್ಟೆ. ಒಬ್ಬನ ಹಕ್ಕಿನ ಒಳಗೆ ಅಡಗಿದ ಹಕ್ಕು ಎಂಬ ಭಾವ. ಹೊಟ್ಟೆಪಾಡಿಗಾಗಿ ದುಡಿಯುವವನಿಗೆ ಹೊಟ್ಟೆಯ ಹೆಸರೇ ಬಂದುದು ಕಾಕತಾಳೀಯವಾದರೂ ಅರ್ಥವತ್ತಾಗಿದೆ.

ಭೂಮಿಯ ಪ್ರಭೇದಗಳು

ಹೈದರಾಬಾದ ಸಂಸ್ಥಾನದ ಭೂಮಿಯೆಲ್ಲವೂ ಒಂದೇ ಬಗೆಯದಾಗಿರಲಿಲ್ಲ. ಸರ್ಕಾರದ ಕಂದಾಯಕ್ಕೆ ನೇರವಾಗಿ ಒಳಪಟ್ಟದ್ದು ದಿವಾನಿ ಅಥವಾ ಖಾಲ್ಸಾ. ನಿಜಾಮರ ಸ್ವಂತ ವೆಚ್ಚಕ್ಕೆ ಮೀಸಲಾದುದು ಸರ್ಫ್-ಎ-ಖಾಸ್. ಉಳಿದುದು ಜಹಗೀರು, ಪಾಯಗಾ, ಸಂಸ್ಥಾನ, ಇನಾಮು ಮುಂತಾದ ಹೆಸರುಗಳಲ್ಲಿ ಹಂಚಿಹೋಗಿದ್ದಿತು. ಸ್ಥೂಲವಾಗಿ ಹೇಳುವುದಾದರೆ ಸಂಸ್ಥಾನದ ಐದರಲ್ಲಿ ಮೂರು ಪಾಲು ದಿವಾನಿ, ಎರಡು ಪಾಲು ದಿವಾನಿಯೇತರ. ಗುಲಬರ್ಗಾ ಜಿಲ್ಲೆಯಲ್ಲಿ ಈ ಬಗೆಗಳೆಲ್ಲ ಒಂದರೊಳಗೊಂದು ಹೆಣೆದುಕೊಂಡಿದ್ದವು. ಸೇಡಂ, ಚಿಂಚೋಳಿಗಳು ದಿವಾನಿಯ ತಾಲೂಕುಗಳು. ಅವುಗಳ ಸುತ್ತಮುತ್ತ ಪಾಯಗಾ ಮತ್ತು ಜಹಗೀರಿನ ಗ್ರಾಮಗಳು ಹರಡಿದ್ದವು.

ಈ ಭೇದವು ರೈತನಿಗೆ ಬಹು ಮುಖ್ಯವಾಗಿದ್ದಿತು. ದಿವಾನಿಯ ಊರಿನಲ್ಲಿ ಅಳತೆಯಾಗಿ, ದರ ಕಟ್ಟಿ, ಪಟ್ಟೆಯ ಹೆಸರು ದಾಖಲಾಗುತ್ತಿದ್ದಿತು. ಜಹಗೀರಿನಲ್ಲಿ ಅನೇಕ ಕಡೆ ಅಳತೆಯೂ ಇಲ್ಲ, ಸ್ಥಿರವಾದ ದರವೂ ಇಲ್ಲ. ಜಹಗೀರದಾರನ ಕಾರಕೂನನು ಬರೆದುದೇ ಲೆಕ್ಕ. ಪಾಯಗಾಗಳಿಗೆ ತಮ್ಮದೇ ಆದ ಅಧಿಕಾರಿವರ್ಗವಿದ್ದುದರಿಂದ ದೂರು ಕೊಡಬೇಕಾದವನು ದೂರು ಯಾರ ಮೇಲೋ ಅವರಲ್ಲಿಗೇ ಹೋಗಬೇಕಾಗಿದ್ದಿತು.

ಹಾಗೆಂದು ದಿವಾನಿಯ ಶಿಕ್ಮಿಯು ಸುಖಿಯಾಗಿದ್ದನೆಂದಲ್ಲ. ಪಟ್ಟೇದಾರನಿಗೆ ರಕ್ಷಣೆಯಿದ್ದಿತೇ ಹೊರತು ಅವನ ಕೆಳಗಿನವನಿಗೆ ಇರಲಿಲ್ಲ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಹೊರಟ ಮೇಲೆ ಕಾಳುಕಡಿಗೆ ದೂರದ ಪೇಟೆಗಳು ತೆರೆದವು. ಶಹಾಬಾದದ ಫರಸಿಕಲ್ಲಿಗೂ ಬೇಡಿಕೆ ಬಂದಿತು. ಬೆಳೆಗೆ ಬೆಲೆ ಬಂದಂತೆ ಭೂಮಿಗೂ ಬೆಲೆ ಬಂದಿತು. ಭೂಮಿಗೆ ಬೆಲೆ ಬಂದಾಗ ಅದನ್ನು ಬಿಡಿಸಿಕೊಳ್ಳುವ ಆಸೆಯೂ ಹೆಚ್ಚಿತು.

ಬಾಯಿಮಾತಿನ ಕಟ್ಟಳೆಗಳು

ಕಾಯಿದೆ ಬರುವುದಕ್ಕೆ ಮೊದಲು ಗೇಣಿಯ ಒಪ್ಪಂದವು ಸಾಮಾನ್ಯವಾಗಿ ಯುಗಾದಿಯಿಂದ ಯುಗಾದಿಗೆ ನಡೆಯುತ್ತಿದ್ದಿತು. ರೊಕ್ಕಕ್ಕೆ ಹೊಲ ಹಿಡಿದರೆ ಲಾವಣಿ. ಬೆಳೆಯಲ್ಲಿ ಪಾಲು ಕೊಟ್ಟರೆ ಪಾಲು ಅಥವಾ ಬಟಾಯಿ. ಪಾಲಿಗೆ ಮಾಡುವಲ್ಲಿ ಎತ್ತು ಯಾರದು, ಬೀಜ ಯಾರದು, ಕಣಿಕೆ ಯಾರಿಗೆ ಎಂಬುದರ ಮೇಲೆ ಲೆಕ್ಕ ಬದಲಾಗುತ್ತಿದ್ದಿತು. ಅರ್ಧ ಪಾಲು ಬಹು ರೂಢಿ. ಕಣದಲ್ಲಿ ರಾಶಿಯಾದ ಮೇಲೆ ಆಯಗಾರರ ಆಯ ಹೋಗಿ, ಒಡೆಯರ ಪಾಲು ಹೋಗಿ, ಬೀಜಕ್ಕೆ ತಂದ ಸಾಲವು ಬಡ್ಡಿಸಹಿತ ಹೋಗಿ, ಉಳಿದುದು ರೈತನದು.

ಇವಲ್ಲದೆ ಬರೆಯದ ಕಟ್ಟಳೆಗಳೂ ಇದ್ದವು. ಒಡೆಯರ ಮನೆಯ ಮದುವೆಗೆ ಬಂಡಿ ಹೂಡಬೇಕು. ಅಧಿಕಾರಿಗಳು ಊರಿಗೆ ಬಂದಾಗ ಕಟ್ಟಿಗೆ, ಹುಲ್ಲು, ನೀರು ಒದಗಿಸಬೇಕು. ಒಡೆಯರ ಹೊಲದ ಬಿತ್ತನೆ ಮುಗಿಯದೆ ತನ್ನ ಹೊಲಕ್ಕೆ ಕೂರಿಗೆ ಹೂಡಬಾರದು. ಎರೆಭೂಮಿಯ ಹದವು ಯಾರಿಗಾಗಿಯೂ ಕಾಯುವುದಿಲ್ಲವೆಂಬುದನ್ನು ಬಲ್ಲವರಿಗೆ ಈ ಕೊನೆಯ ಕಟ್ಟಳೆಯ ಕಠೋರತೆಯು ತಿಳಿಯುವುದು. ಎಂಟು ದಿನ ತಡವಾದರೆ ಬಿಳಿಜೋಳದ ಬಿತ್ತನೆಯು ವ್ಯರ್ಥ. ಆ ಎಂಟು ದಿನಗಳು ಒಡೆಯರ ಪಾಲಾಗುತ್ತಿದ್ದವು.

ಪರದೇಶದ ಒಂದು ದೃಷ್ಟಾಂತ

ಇಂಥ ಕಟ್ಟಳೆಗಳು ನಮ್ಮ ಸೀಮೆಗೆ ಮಾತ್ರ ಸೇರಿದವೆಂದು ತಿಳಿಯಬಾರದು. ಬ್ರಿಟನ್ನಿನ ಉತ್ತರಕ್ಕಿರುವ ಸ್ಕಾಟ್ಲೆಂಡಿನಲ್ಲಿ 'ಲೈರ್ಡ್' ಎಂಬ ಭೂಒಡೆಯರು ತಮ್ಮ ಗೇಣಿದಾರರಿಗೆ ವಿಧಿಸಿದ ನಿಯಮಗಳನ್ನು ನೋಡಿದರೆ ನಮ್ಮ ಜಹಗೀರಿನ ನೆನಪಾಗುತ್ತದೆ. ಗೇಣಿಯ ಒಂದು ಭಾಗವನ್ನು ಹಿಟ್ಟಿನ ರೂಪದಲ್ಲಿಯೂ ಕೋಳಿಗಳ ರೂಪದಲ್ಲಿಯೂ ಕೊಡಬೇಕಾಗಿದ್ದಿತು. ಕಾಳನ್ನು ಒಡೆಯನ ಗಿರಣಿಯಲ್ಲಿಯೇ ಬೀಸಿಸಿ ಅದರ ಸುಂಕ ತೆರಬೇಕಾಗಿದ್ದಿತು. ಉಳುಮೆಯ ಕಾಲದಲ್ಲಿಯೂ ಸುಗ್ಗಿಯ ಕಾಲದಲ್ಲಿಯೂ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕಾಗಿದ್ದಿತು.

ಹದಿನೆಂಟನೆಯ ಶತಮಾನದಲ್ಲಿ ಮೋನಿಮಸ್ಕಿನ ಸರ್ ಆರ್ಚಿಬಾಲ್ಡ್ ಗ್ರಾಂಟ್ ಮೊದಲಾದ ಒಡೆಯರು ಬೇಸಾಯದ ಸುಧಾರಣೆಗೆ ತೊಡಗಿದರು. ಹತ್ತೊಂಬತ್ತು ವರ್ಷಗಳ ಕರಾರು ಆ ನಾಡಿನಲ್ಲಿ ರೂಢಿಗೆ ಬಂದಿತು. ಯಾವ ಬೆಳೆಯ ಮೇಲೆ ಯಾವ ಬೆಳೆ ಹಾಕಬೇಕೆಂಬ ಷರತ್ತುಗಳೂ ಸೇರಿದವು. ಇದರಿಂದ ಭೂಮಿಯು ಸುಧಾರಿಸಿತು, ನಿಜ. ಆದರೆ ಅದೇ ಸುಧಾರಣೆಯ ಹೆಸರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸದರ್‌ಲೆಂಡ್ ಮುಂತಾದ ಸೀಮೆಗಳಲ್ಲಿ ಕುರಿ ಸಾಕಣೆಗಾಗಿ ಸಾವಿರಾರು ಒಕ್ಕಲುಗಳನ್ನು ಎಬ್ಬಿಸಲಾಯಿತು.

ಮುಂದೆ ರೈತರ ಚಳವಳಿಯು ಬಲಿತು 1883ರಲ್ಲಿ ಒಂದು ವಿಚಾರಣಾ ಆಯೋಗವು ನೇಮಕವಾಯಿತು. ಅದರ ಅಧ್ಯಕ್ಷರು ಲಾರ್ಡ್ ನೇಪಿಯರ್. ಇವರು 1866ರಿಂದ 1872ರವರೆಗೆ ನಮ್ಮ ನೆರೆಯ ಮದರಾಸು ಪ್ರಾಂತದ ಗವರ್ನರರಾಗಿದ್ದವರೆಂಬುದು ಇಲ್ಲಿ ಸ್ಮರಣೀಯ. ಆಯೋಗದ ವರದಿಯ ತರುವಾಯ 1886ರಲ್ಲಿ ಬಂದ ಕಾಯಿದೆಯು ಸಣ್ಣ ಗೇಣಿದಾರನಿಗೆ ಮೂರು ಹಕ್ಕುಗಳನ್ನು ಕೊಟ್ಟಿತು: ಸ್ಥಿರವಾದ ಹಿಡುವಳಿ, ನ್ಯಾಯವಾದ ಗೇಣಿ, ತಾನು ಮಾಡಿದ ಸುಧಾರಣೆಗೆ ಪರಿಹಾರ. ಇವಕ್ಕೆ ಬದಲಾಗಿ ಅವನು ಗೇಣಿ ತಪ್ಪಿಸಬಾರದು, ಭೂಮಿಯನ್ನು ಕೆಡಿಸಬಾರದು, ತುಂಡು ಮಾಡಬಾರದು, ಮರುಗೇಣಿಗೆ ಕೊಡಬಾರದು. ಈ ಷರತ್ತುಗಳನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಕಾಯಿದೆಯಲ್ಲಿಯೂ ಇವೇ ಮರಳಿ ಬರಲಿವೆ.

ಕಾಯಿದೆಯ ಆಗಮನ

ನಮ್ಮ ಸೀಮೆಯಲ್ಲಿ ಶಿಕ್ಮಿಯ ರಕ್ಷಣೆಗೆಂದೇ ಹುಟ್ಟಿದ ಮೊದಲ ಕಾಯಿದೆಯು 1354 ಫಸಲಿಯ ಹೈದರಾಬಾದ ಅಸಾಮಿ ಶಿಕ್ಮಿ ಕಾನೂನು. ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕ ಬರುವುದೆಂಬುದು ಹಿರಿಯರಿಗೆ ಗೊತ್ತಿರುವ ಲೆಕ್ಕ. ಅಂದರೆ 1944–45ರ ಸಾಲು. ಕಾನೂನು ಇದ್ದಿತಾದರೂ ಅದರ ಗಾಳಿ ಹಳ್ಳಿಗೆ ಬೀಸುವ ಮೊದಲೇ ಸಂಸ್ಥಾನದಲ್ಲಿ ಬೇರೆ ಬಿರುಗಾಳಿ ಎದ್ದಿತು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ ವಿಮೋಚನೆಗೊಂಡಿತು. 1949ರಲ್ಲಿ ಸರ್ಫ್-ಎ-ಖಾಸ್ ದಿವಾನಿಯಲ್ಲಿ ಲೀನವಾಯಿತು. ಅದೇ ವರ್ಷದ ಆಗಸ್ಟ್ 15ರಂದು ಜಹಗೀರುಗಳ ರದ್ದಿಯಾತಿ ಜಾರಿಗೆ ಬಂದಿತು.

1950ರ ಜೂನ್ 10ರಂದು ಜಾರಿಗೆ ಬಂದ ಹೈದರಾಬಾದ ಗೇಣಿ ಮತ್ತು ಸಾಗುವಳಿ ಭೂಮಿಗಳ ಕಾಯಿದೆಯು ಈ ಚರಿತ್ರೆಯ ಮುಖ್ಯ ಅಧ್ಯಾಯ. ಅದರ 34ನೆಯ ಕಲಮು 'ರಕ್ಷಿತ ಗೇಣಿದಾರ' ಎಂಬ ಹೊಸ ಹಕ್ಕುದಾರನನ್ನು ಸೃಷ್ಟಿಸಿತು. 1342ರಿಂದ 1352 ಫಸಲಿಯ ಒಳಗೆ, ಅಂದರೆ 1932ರ ಅಕ್ಟೋಬರಿನಿಂದ 1943ರ ಅಕ್ಟೋಬರಿನ ಒಳಗೆ, ಸತತ ಆರು ವರ್ಷ ಸ್ವತಃ ಸಾಗುವಳಿ ಮಾಡಿದವನು. ಅಥವಾ 1948ರ ಜನವರಿ 1ಕ್ಕೆ ಹಿಂದಿನ ಆರು ವರ್ಷ ಹಾಗೆ ಮಾಡಿದವನು. ಅಥವಾ 1353 ಫಸಲಿಯಿಂದೀಚೆಗೆ ಕಾಯಿದೆ ಬರುವುದರೊಳಗೆ ಆರು ವರ್ಷ ಪೂರೈಸಿದವನು. ಇಂಥವನು ರಕ್ಷಿತನು. ಅವನ ಹೆಸರು ಪಟ್ಟಿಯಲ್ಲಿ ಬರಬೇಕು. ಭೂಮಿಯನ್ನು ಕೊಳ್ಳುವ ಹಕ್ಕೂ ಅವನಿಗೆ ಇರಬೇಕು.

ಅವನು ಪಾಲಿಸಬೇಕಾದ ಕಟ್ಟಳೆಗಳು ಇವು. ಗೇಣಿಯನ್ನು ಕಾಲಕ್ಕೆ ಸರಿಯಾಗಿ ಸಲ್ಲಿಸಬೇಕು. ಭೂಮಿಗೆ ಶಾಶ್ವತ ಹಾನಿಯಾಗುವಂತೆ ನಡೆಯಬಾರದು. ತುಂಡು ಮಾಡಬಾರದು, ಮರುಗೇಣಿಗೆ ಕೊಡಬಾರದು. ಸ್ವತಃ ಸಾಗುವಳಿ ಮಾಡಬೇಕು. ಬೇಸಾಯವಲ್ಲದ ಕಾರ್ಯಕ್ಕೆ ಬಳಸಬಾರದು. ಸ್ಕಾಟ್ಲೆಂಡಿನ 1886ರ ಷರತ್ತುಗಳೊಡನೆ ಇವನ್ನು ಹೋಲಿಸಿದರೆ, ಅರವತ್ತನಾಲ್ಕು ವರ್ಷಗಳ ಅಂತರದಲ್ಲಿ, ಸಾವಿರಾರು ಹರದಾರಿಗಳ ದೂರದಲ್ಲಿ, ಹೆಚ್ಚುಕಡಿಮೆ ಒಂದೇ ನ್ಯಾಯವು ರೂಪುಗೊಂಡುದು ಕಾಣುವುದು. ರೈತನು ನೆಲಕ್ಕೆ ನಿಷ್ಠನಾಗಿರಲಿ. ನೆಲವು ರೈತನಿಗೆ ಸ್ಥಿರವಾಗಿರಲಿ ಎಂಬುದೇ ಆ ನ್ಯಾಯ.

ಒಡೆಯನಿಗೂ ಕಟ್ಟಳೆಗಳಿದ್ದವು. ಗೇಣಿಗೆ ಮಿತಿಯಿದ್ದಿತು. ಗೇಣಿದಾರನು ಹಿಡುವಳಿಯನ್ನು ತಾನಾಗಿ ಬಿಟ್ಟುಕೊಡುವುದಾದರೆ ಅದು ಬರಹದಲ್ಲಿರಬೇಕು. ತಹಶೀಲದಾರರ ಮುಂದೆ ಅವನೇ ಒಪ್ಪಿಕೊಳ್ಳಬೇಕು. ಸದುದ್ದೇಶದಿಂದ ಕೂಡಿದುದೆಂದು ತಹಶೀಲದಾರರಿಗೆ ಮನವರಿಕೆಯಾಗಬೇಕು. ಇದಕ್ಕಿಂತ ಹೆಚ್ಚಿನ ಕಾವಲನ್ನು ಕಾಗದದ ಮೇಲೆ ಹಾಕುವುದು ಸಾಧ್ಯವಿಲ್ಲ.

ರಾಜೀನಾಮೆಯ ಪ್ರಸಂಗ

ಹಾಗಿದ್ದರೂ ಆದುದೇನು? ಪ್ರೊಫೆಸರ್ ಎ. ಎಂ. ಖುಸ್ರೊ ಅವರು ಹೈದರಾಬಾದಿನ ಜಹಗೀರು ರದ್ದಿಯಾತಿ ಮತ್ತು ಭೂಸುಧಾರಣೆಗಳನ್ನು ಅಧ್ಯಯನ ಮಾಡಿ 1958ರಲ್ಲಿ ಪ್ರಕಟಿಸಿದ ಗ್ರಂಥವು ಇದಕ್ಕೆ ಉತ್ತರ ಕೊಡುತ್ತದೆ. 1951ರಲ್ಲಿ ರಕ್ಷಿತರೆನಿಸಿದ ಪ್ರತಿ ನೂರು ಗೇಣಿದಾರರಲ್ಲಿ ನಾಲ್ಕು ವರ್ಷಗಳ ತರುವಾಯ ರಕ್ಷಿತರಾಗಿಯೇ ಉಳಿದವರು ಸುಮಾರು 45. ಭೂಮಿಯನ್ನು ಕೊಂಡು ಒಡೆಯರಾದವರು ಸುಮಾರು 12. ಕಾಯಿದೆಯ ಪ್ರಕಾರ ಬಿಡಿಸಲ್ಪಟ್ಟವರು ಮೂರಕ್ಕೂ ಕಡಿಮೆ. ಕಾಯಿದೆಯನ್ನು ಮೀರಿ ಬಿಡಿಸಲ್ಪಟ್ಟವರು 22. 'ಸ್ವಇಚ್ಛೆಯಿಂದ' ಬಿಟ್ಟುಕೊಟ್ಟವರು ಹದಿನೇಳೂವರೆ. ಈ ಕೊನೆಯ ಸಂಖ್ಯೆಯ ಮೇಲೆ ನನ್ನ ಕಣ್ಣು ಪ್ರತಿಸಲವೂ ನಿಲ್ಲುತ್ತದೆ. ಅದಕ್ಕೆ ಕಾರಣವನ್ನು ಹೇಳುವುದು ಇಲ್ಲಿ ಅಪ್ರಸ್ತುತವಾಗಲಾರದು.

ನನ್ನ ಅಜ್ಜನವರು, ನಮ್ಮ ಕಡೆಯ ಮಾತಿನಲ್ಲಿ ಮುತ್ಯಾ, ಕಾಗಿಣಾ ನದಿಯ ದಂಡೆಯಲ್ಲಿ ಆರು ಎಕರೆ ಎರೆಹೊಲವನ್ನು ಪಾಲಿಗೆ ಮಾಡುತ್ತಿದ್ದರು. ಅವರ ಹೆಸರು ರಕ್ಷಿತರ ಪಟ್ಟಿಯಲ್ಲಿ ಬಂದಿದ್ದಿತು. ಒಂದು ಯುಗಾದಿಯ ಮುನ್ನ ಪಟ್ಟೇದಾರರ ಕಡೆಯವರು ಬಂದು, ಕಚೇರಿಗೆ ಬಂದು ಗೇಣಿಯ ರಸೀದಿಗೆ ಹೆಬ್ಬೆರಳು ಒತ್ತಬೇಕೆಂದರು. ಮುತ್ಯಾ ಹೊಸ ಪಟಗ ಸುತ್ತಿಕೊಂಡು ಬಂಡಿಯಲ್ಲಿ ಹೋದರು. ಕಚೇರಿಯಲ್ಲಿ ಒಂದು ಕಾಗದವನ್ನು ಉರ್ದುವಿನಲ್ಲಿ ಓದಿ, 'ರಾಜಿ ಇದ್ದೀಯಾ?' ಎಂದು ಕೇಳಿದರು. ಗೇಣಿ ಕೊಟ್ಟುದು ನಿಜವಾದ್ದರಿಂದ ಮುತ್ಯಾ 'ಹೌದ್ರಿ' ಎಂದರು. ಮುಂದಿನ ಮುಂಗಾರಿಗೆ ಕೂರಿಗೆ ಹೂಡಲು ಹೋದಾಗ ಹೊಲದಲ್ಲಿ ಬೇರೆಯವರ ಎತ್ತುಗಳಿದ್ದವು. ಪಟ್ಟೇದಾರರ ಹೆಸರು ಇಲ್ಲಿ ಬೇಡ. ಆ ಮನೆತನದವರು ಈಗ ನಮ್ಮೊಡನೆ ಸ್ನೇಹದಿಂದಿದ್ದಾರೆ.

ಬಹುಕಾಲದ ಮೇಲೆ ಮನೆಯ ಟ್ರಂಕಿನಲ್ಲಿ ಆ ಕಾಗದದ ನಕಲು ನನಗೆ ದೊರೆಯಿತು. ಹಳಗನ್ನಡ ಕಾವ್ಯಗಳಿಗೆ ಟೀಕೆ ಹೇಳಬಲ್ಲ ನನಗೆ ಅದರ ಒಂದು ಅಕ್ಷರವೂ ತಿಳಿಯಲಿಲ್ಲ. ಉರ್ದು ಅಧ್ಯಾಪಕ ಮಿತ್ರರೊಬ್ಬರು ಓದಿ ಹೇಳಿದರು. ಮೇಲ್ಭಾಗದಲ್ಲಿ 'ರಾಜೀನಾಮಾ' ಎಂದಿದ್ದಿತು. ರಾಜಿ ಎಂದರೆ ಒಪ್ಪಿಗೆ, ನಾಮಾ ಎಂದರೆ ಬರಹ. ಕಾಯಿದೆಯು ಕೇಳಿದ ಬರಹವಿದ್ದಿತು, ಅಧಿಕಾರಿಯ ಮುಂದಿನ ಒಪ್ಪಿಗೆಯಿದ್ದಿತು, ಹೆಬ್ಬೆಟ್ಟಿದ್ದಿತು. ಇಲ್ಲದಿದ್ದುದು ಒಂದೇ: ಒಪ್ಪಿದವನಿಗೆ ತಾನು ಏನನ್ನು ಒಪ್ಪಿದೆನೆಂಬ ಅರಿವು. ಮುತ್ಯಾ ಆ ಮೇಲೆ ಹೊಲದ ಮಾತನ್ನು ಎತ್ತಲಿಲ್ಲ. ಆದರೆ ನನ್ನ ತಂದೆಯವರನ್ನು ಕೈಹಿಡಿದು ಕರೆತಂದು ಶ್ರೀಮಠದ ಪ್ರಸಾದನಿಲಯದಲ್ಲಿ ಬಿಟ್ಟರು.

1974ರ ಕಾಯಿದೆ ಮತ್ತು ಮಠದ ಭೂಮಿ

1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಕೊಡಂಗಲ್, ತಾಂಡೂರುಗಳು ಆಂಧ್ರಕ್ಕೆ ಹೋದವು. ರಾಜ್ಯಕ್ಕೆಲ್ಲ ಒಂದೇ ಆದ 1961ರ ಭೂಸುಧಾರಣಾ ಕಾಯಿದೆಯು 1965ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು. ದೇವರಾಜ ಅರಸು ಅವರ ಕಾಲದ ತಿದ್ದುಪಡಿಯ ಮೂಲಕ 1974ರ ಮಾರ್ಚ್ 1ರಂದು ಗೇಣಿಯ ಭೂಮಿಗಳೆಲ್ಲ ಸರ್ಕಾರದಲ್ಲಿ ನಿಹಿತವಾದವು. ಉಳುವವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯಿಂದ ಹಕ್ಕು ಪಡೆಯಬೇಕು. ಅಲ್ಲಿ ವಕೀಲರಿಗೆ ಅಂದು ಪ್ರವೇಶವಿರಲಿಲ್ಲ. ರೈತನು ತನ್ನ ಮಾತನ್ನು ತಾನೇ ಕನ್ನಡದಲ್ಲಿ ಆಡಬಹುದಾಗಿದ್ದಿತು. ಇದು ಸಣ್ಣ ಸಂಗತಿಯಲ್ಲ.

ಆ ಕಾಯಿದೆಯು ಧಾರ್ಮಿಕ ಸಂಸ್ಥೆಗಳ ಗೇಣಿಭೂಮಿಯನ್ನೂ ಬಿಡಲಿಲ್ಲ. ಅವುಗಳಿಗೆ ವರ್ಷಾಶನವನ್ನು ಗೊತ್ತುಪಡಿಸಿತು. ಮಠದ ಸಂಚಿಕೆಯಲ್ಲಿ ಇದನ್ನು ಬರೆಯುವುದು ಔಚಿತ್ಯವೇ ಎಂದು ಕೆಲವರು ಕೇಳಬಹುದು. ಬರೆಯದಿರುವುದೇ ಅನುಚಿತವೆಂದು ನನ್ನ ನಮ್ರ ಭಾವನೆ. ಮಠಗಳಿಗೂ ಉಂಬಳಿಯ ಹೊಲಗಳಿದ್ದವು, ಆ ಹೊಲಗಳನ್ನು ಉಳುವ ಒಕ್ಕಲುಗಳಿದ್ದವು. ದಾಸೋಹದ ಜೋಳವು ಯಾರದೋ ಬೆವರಿನಿಂದ ಬಂದುದೇ ಸರಿ. ಶರಣರಲ್ಲಿ ಒಕ್ಕಲಿಗ ಮುದ್ದಣ್ಣನಂಥವರು ಉಳುಮೆಯನ್ನೇ ಕಾಯಕವಾಗಿ ಹಿಡಿದವರು. ಕಾಯಕದಿಂದ ಬಂದುದರಲ್ಲಿ ದಾಸೋಹವಾಗಬೇಕೆಂಬುದು ಶರಣತತ್ತ್ವ. ಅನ್ಯರ ಕಾಯಕವನ್ನು ಕಸಿದು ದಾಸೋಹ ಮಾಡಬೇಕೆಂಬುದು ಯಾವ ತತ್ತ್ವವೂ ಅಲ್ಲ. ಭೂಮಿಯು ಹೋದರೂ ಭಕ್ತರ ಕಾಣಿಕೆಯಿಂದಲೂ ದಾನಿಗಳ ಔದಾರ್ಯದಿಂದಲೂ ಶಾಲೆಗಳು ನಡೆದಿವೆ. ಅಂದಿನ ಒಕ್ಕಲುಗಳ ಮಕ್ಕಳು ಇಂಥ ಶಾಲೆಗಳ ಬೆಂಚಿನಲ್ಲಿಯೇ ಕುಳಿತು ಓದಿದ್ದಾರೆ.

ಇಂದಿನ ಸ್ಥಿತಿ

ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಕಾಯಿದೆಯ ಪ್ರಕಾರ ಕೆಲವು ಅಪವಾದಗಳನ್ನು ಬಿಟ್ಟರೆ ಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. ಆದರೆ ಲಾವಣಿಯೂ ಪಾಲೂ ನಮ್ಮ ಊರುಗಳಲ್ಲಿ ನಿಂತಿಲ್ಲ. ಕಾಗದವನ್ನು ಬಿಟ್ಟು ಮತ್ತೆ ಬಾಯಿಮಾತಿಗೆ ಇಳಿದಿವೆ. ಹೊಲದ ಒಡೆಯರು ಪಟ್ಟಣ ಸೇರಿದ್ದಾರೆ. ತೊಗರಿಯನ್ನು ಬಿತ್ತಿ ಬೆಳೆಯುವವನು ಬೇರೆ. ಪಹಣಿಯಲ್ಲಿ ಅವನ ಹೆಸರಿಲ್ಲ. ಹೆಸರಿಲ್ಲದಿದ್ದರೆ ಬ್ಯಾಂಕಿನ ಬೆಳೆಸಾಲ ದೊರೆಯುವುದು ಕಷ್ಟ. ಅತಿವೃಷ್ಟಿಯಿಂದ ಬೆಳೆ ಹೋದಾಗ ಪರಿಹಾರವು ಪಹಣಿಯ ಹೆಸರಿನವನ ಖಾತೆಗೆ ಹೋಗುತ್ತದೆ. 2020ರ ತಿದ್ದುಪಡಿಯು ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಲು ದಾರಿ ತೆರೆದ ಮೇಲೆ, ದೂರದಲ್ಲಿರುವ ಒಡೆಯರ ಸಂಖ್ಯೆಯು ಹೆಚ್ಚುವ ಸಂಭವವಿದೆ. ಹಿಂದಿನ ಶಿಕ್ಮಿಯ ಹೆಸರು ಹೋಗಿದ್ದರೂ ಅವನ ಸ್ಥಿತಿಯು ಪೂರ್ಣವಾಗಿ ಹೋಗಿಲ್ಲ.

ಉಪಸಂಹಾರ

ಈ ವಿಚಾರದಿಂದ ಅಧ್ಯಾಪಕರಾದ ನಾವು ಗ್ರಹಿಸಬೇಕಾದುದೇನು? ಒಳ್ಳೆಯ ಕಟ್ಟಳೆಯು ಅರ್ಧ ಕಾರ್ಯವನ್ನು ಮಾತ್ರ ಮಾಡುತ್ತದೆ. ಉಳಿದರ್ಧವನ್ನು ಅದನ್ನು ಓದಬಲ್ಲ ಪ್ರಜೆಯು ಮಾಡಬೇಕು. 1950ರ ಕಾಯಿದೆಯು ದುರ್ಬಲವಾಗಿದ್ದುದರಿಂದ ಮಾತ್ರ ಸೋಲಲಿಲ್ಲ. ಅದು ಯಾರಿಗಾಗಿ ಹುಟ್ಟಿತೋ ಅವರ ಭಾಷೆಯಲ್ಲಿ ಅವರನ್ನು ಮುಟ್ಟದೆ ಇದ್ದುದರಿಂದಲೂ ಸೋತಿತು. ಮಾನ್ಯಖೇಟವು ಇಲ್ಲಿಯೇ, ಸೇಡಂ ತಾಲೂಕಿನ ಮಳಖೇಡವಾಗಿ, ಕಾಗಿಣೆಯ ದಂಡೆಯಲ್ಲಿದೆ. ಕವಿರಾಜಮಾರ್ಗವು ಹುಟ್ಟಿದ ಆಸ್ಥಾನದ ನೆರಳಿನಲ್ಲಿಯೇ ಕನ್ನಡದ ರೈತನು ಕನ್ನಡವಲ್ಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಾಯಿತೆಂಬುದನ್ನು ನಾವು ಮರೆಯಬಾರದು.

ಆದುದರಿಂದ ನನ್ನದೊಂದು ಸಣ್ಣ ಸೂಚನೆ. ಹತ್ತನೆಯ ತರಗತಿಯನ್ನು ಮುಗಿಸಿ ಹೋಗುವ ಪ್ರತಿ ವಿದ್ಯಾರ್ಥಿಯೂ ಪದ್ಯದ ಅನ್ವಯವನ್ನು ಬಲ್ಲಂತೆ ತನ್ನ ಮನೆಯ ಪಹಣಿಯನ್ನೂ ಓದಬಲ್ಲವನಾಗಲಿ. ಸರ್ವೇ ನಂಬರು, ಹಿಸ್ಸಾ, ಆಕಾರ, ಸಾಗುವಳಿದಾರನ ಕಲಮು ಎಂದರೇನೆಂದು ವರ್ಷಕ್ಕೆ ಎರಡು ತಾಸು ಕನ್ನಡದ ತರಗತಿಯಲ್ಲಿಯೇ ಕಲಿಸೋಣ. ನಾನು ಕಳೆದ ಕೆಲವು ವರ್ಷಗಳಿಂದ ಹೀಗೆ ಕಲಿಸುತ್ತಿದ್ದೇನೆ. ಮಕ್ಕಳು ಮನೆಯಿಂದ ಕಾಗದ ತರುತ್ತಾರೆ, ಕೆಲವರು ತರುವುದಿಲ್ಲ. ತರದವರ ಮನೆಯಲ್ಲಿ ಹೊಲವಿಲ್ಲ, ಅಥವಾ ಉಳುವ ಹೊಲಕ್ಕೆ ಕಾಗದವಿಲ್ಲ. ಅವರಿಗೆ ಮಿಕ್ಕವರ ಕಾಗದವನ್ನೇ ಕೊಟ್ಟು ಮೊದಲು ಅವರಿಂದಲೇ ಓದಿಸುತ್ತೇನೆ.

ಯಾವ ಕಾಗದದ ಮುಂದೆ ನಿಂತರೂ 'ಓದಿ ನೋಡಿ ಹೇಳುತ್ತೇನೆ' ಎನ್ನುವ ಧೈರ್ಯವು ಈ ಶಾಲೆಯ ಮಕ್ಕಳಿಗೆ ಬರಲಿ. ಅದಕ್ಕೆ ಬೇಕಾದ ಅಕ್ಷರದಾಸೋಹವನ್ನು ಪೂಜ್ಯರ ಆಶೀರ್ವಾದದಿಂದಲೂ ದಾನಿಗಳ ನೆರವಿನಿಂದಲೂ ಶ್ರೀಮಠವು ಮುಂದುವರಿಸಲಿ ಎಂದು ಹಾರೈಸಿ ಈ ಲೇಖನಕ್ಕೆ ಮಂಗಳ ಹಾಡುತ್ತೇನೆ.